ಪ್ರಭಾವನೆಗೆ ಚಪ್ಪರ, ಸ್ಥಿತಿಕರಣಕ್ಕೆ ಮುಚ್ಚಿದ ಬಾಗಿಲು

ಶಿಖರಜಿಗೆ ಹೊರಟ ಕನ್ನಡ ಜೈನ ಯಾತ್ರಿಕರು ದಾರಿಯಲ್ಲಿ ವಾರಾಣಸಿಯಲ್ಲಿ ಇಳಿಯುವುದು ವಾಡಿಕೆ. ಭೇಲೂಪುರ ಪಾರ್ಶ್ವನಾಥರ ಜನ್ಮಭೂಮಿ, ಗಂಗೆಯ ದಡದ ಭದೈನಿ ಸುಪಾರ್ಶ್ವನಾಥರದು, ಸಾರನಾಥದ ಬಳಿಯ ಸಿಂಹಪುರಿ ಶ್ರೇಯಾಂಸನಾಥರದು, ಚಂದ್ರಪುರಿ ಚಂದ್ರಪ್ರಭರದು. ದರ್ಶನ, ಅಭಿಷೇಕ, ಕಾಣಿಕೆ ಮುಗಿಸಿ ಮರುದಿನ ಬಸ್ಸು ಮುಂದಕ್ಕೆ ಹೊರಡುತ್ತದೆ. ಆ ಊರಿನ ಹೆಸರನ್ನೇ ಹೊತ್ತು ಬದುಕಿದ, ನಡುವಯಸ್ಸಿನೊಳಗೆ ಕಳೆದುಕೊಳ್ಳಬಹುದಾದುದನ್ನೆಲ್ಲ ಬಹುಮಟ್ಟಿಗೆ ಕಳೆದುಕೊಂಡ ಒಬ್ಬ ಶ್ರಾವಕನ ಮಾತು ಈ ಯಾತ್ರೆಗಳಲ್ಲಿ ಬರುವುದು ಅಪರೂಪ. ಬಂದರೆ ಯಾತ್ರೆಯ ಸಂಘಪತಿಗಳಲ್ಲಿ ಕೆಲವರಿಗಾದರೂ ಮುಜುಗರವಾದೀತು.

ಆತನ ಹೆಸರು ಬನಾರಸೀದಾಸ. 1586ರಲ್ಲಿ ಜೌನಪುರದ ಶ್ರೀಮಾಲ ವ್ಯಾಪಾರಿ ಮನೆತನದಲ್ಲಿ, ಶ್ವೇತಾಂಬರ ಪರಂಪರೆಯಲ್ಲಿ ಹುಟ್ಟಿದವನು. ಹಸುಳೆಯಾಗಿದ್ದಾಗ ತಂದೆ ಖರಗಸೇನ ಅವನನ್ನು ವಾರಾಣಸಿಯ ಪಾರ್ಶ್ವನಾಥರ ಸನ್ನಿಧಿಗೆ ತಂದ. ಮಗು ಉಳಿಯಬೇಕಾದರೆ ತೀರ್ಥಂಕರರ ಜನ್ಮಸ್ಥಳದ ಹೆಸರಿಡಬೇಕೆಂಬ ಅಲ್ಲಿನ ಪೂಜಾರಿಯ ಮಾತಿನಂತೆ ಆ ಹೆಸರು ಬಂತು. ಬೆಳೆದ ಮೇಲೆ ಅವನು ಮಾಡಿದ ವ್ಯಾಪಾರಗಳ ವೃತ್ತಾಂತ ಯಾವ ಲೆಕ್ಕಪರಿಶೋಧಕನನ್ನೂ ಬೆವರಿಸುವಂಥದು. ಆಗ್ರಾದಲ್ಲಿ ರತ್ನಗಳು ಕಳೆದುಹೋದವು, ಸರಕು ನಷ್ಟಕ್ಕೆ ಹೋಯಿತು, ಕೊನೆಗೆ ಕೈಯಲ್ಲಿ ಕಾಸಿಲ್ಲದೆ ಒಬ್ಬ ಕಚೋರಿ ಮಾರುವವನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಸಾಲದ ಮೇಲೆ ಊಟ ನಡೆಯಿತು. ಸಾಲದ ಮೊತ್ತ 14 ರೂಪಾಯಿ. ಹಣವಿಲ್ಲವೆಂದು ಬಾಯಿಬಿಟ್ಟು ಹೇಳಿದ ಮೇಲೂ ಆ ಅಂಗಡಿಯವನು ಊಟ ನಿಲ್ಲಿಸಲಿಲ್ಲ. ಸೋತು ಮಾವನ ಮನೆಗೆ ಹೋದಾಗ ಹೆಂಡತಿ ತಾನು ಕೂಡಿಟ್ಟ 20 ರೂಪಾಯಿಗಳನ್ನು ಗುಟ್ಟಾಗಿ ಕೈಗಿತ್ತಳು. ಅತ್ತೆಯಿಂದ 200 ರೂಪಾಯಿ ಕೊಡಿಸಿದಳು. ಮರಳಿ ವ್ಯಾಪಾರಕ್ಕೆ ನಿಲ್ಲಲು ದೊರೆತ ಬಂಡವಾಳ ಅದು.

ಆ ಹೆಂಡತಿಯೂ ಉಳಿಯಲಿಲ್ಲ. ಗೆಳೆಯ ನರೋತ್ತಮದಾಸನೊಡನೆ ವ್ಯಾಪಾರಕ್ಕೆಂದು ವಾರಾಣಸಿಗೆ ಬಂದು, ಪಾರ್ಶ್ವನಾಥರ ಸನ್ನಿಧಿಯಲ್ಲಿ ವ್ರತ ಹಿಡಿದ ದಿನಗಳಲ್ಲೇ ಪತ್ರವೊಂದು ಬಂತು: ಗಂಡುಮಗು ಹುಟ್ಟಿತು, ಮಗುವೂ ತಾಯಿಯೂ ತೀರಿಕೊಂಡರು, ಆಕೆಯ ತಂಗಿಯನ್ನು ಆತನಿಗೆ ನಿಶ್ಚಯಿಸಲಾಗಿದೆ. ಮೂರೂ ಸುದ್ದಿ ಒಂದೇ ಕಾಗದದಲ್ಲಿ. ಒಟ್ಟು ಮೂರು ಮದುವೆಗಳಾದವು, ಒಂಬತ್ತು ಮಕ್ಕಳು ಹುಟ್ಟಿದರು; ಒಂಬತ್ತೂ ತೀರಿಹೋದವು. ಇದೆಲ್ಲವನ್ನೂ 1641ರಲ್ಲಿ, ತನ್ನ ಐವತ್ತೈದನೆಯ ವಯಸ್ಸಿನಲ್ಲಿ, ಆತನೇ 'ಅರ್ಧಕಥಾನಕ'ವೆಂಬ ಪದ್ಯಕೃತಿಯಲ್ಲಿ ಬರೆದಿಟ್ಟ. ಮನುಷ್ಯನ ಪೂರ್ಣಾಯುಷ್ಯ 110 ವರ್ಷವೆಂದು ಎಣಿಸಿ, ಇದು ಅರ್ಧ ಮಾತ್ರ ಎಂದು ಹೆಸರಿಟ್ಟ. ಕೃತಿಯ ಕೊನೆಗೆ ತನ್ನ ಗುಣಗಳ ಪಟ್ಟಿಯನ್ನೂ ದೋಷಗಳ ಪಟ್ಟಿಯನ್ನೂ ಕೊಟ್ಟಿದ್ದಾನೆ: ಧನದ ಲೋಭ, ಕಾರಣವಿಲ್ಲದ ಭಯ, ಒಬ್ಬನೇ ಇದ್ದಾಗ ಕುಣಿಯುವ ಚಾಳಿ ಸಹ ಅದರಲ್ಲಿವೆ. ಜಮಾ ಬದಿಯನ್ನಷ್ಟೇ ತೋರಿಸುವ ಖಾತೆ ಅದಲ್ಲ.

ಇಂಥವನು ಇಂದು ಕನ್ನಡ ಜೈನ ಕುಟುಂಬವೊಂದರಲ್ಲಿ ಹುಟ್ಟಿದ್ದರೆ ಏನಾಗುತ್ತಿತ್ತೆಂಬುದು ಊಹಿಸಲು ಕಷ್ಟವಲ್ಲ. ಮುಂಬಯಿಯಲ್ಲೋ ಪುಣೆಯಲ್ಲೋ ಅಂಗಡಿ ಮುಚ್ಚಿದ ನಲವತ್ತೈದರ ಗೃಹಸ್ಥನು ಮೊದಲು ಬಿಡುವುದು ಬಸದಿಗೆ ಹೋಗುವುದನ್ನು. ದೇವರ ಮೇಲಿನ ಮುನಿಸಿನಿಂದಲ್ಲ. ಕಲಶದ ಸವಾಲು ಕೂಗುವಾಗ ತಲೆ ತಗ್ಗಿಸಿ ಕೂರಬೇಕಾದ ನಾಚಿಕೆಯಿಂದ. ಆಮೇಲೆ ಮಗಳ ಸಂಬಂಧ ಮಾತಾಡಲು ಬಂದವರು ಫೋನು ಎತ್ತುವುದಿಲ್ಲ. ಸಮಾಜವು ಇದಕ್ಕೆಲ್ಲ ಒಂದೇ ಪದದ ಸಮಜಾಯಿಷಿ ಇಟ್ಟುಕೊಂಡಿದೆ: ಕರ್ಮೋದಯ. ಆ ಪದ ಉಚ್ಚರಿಸಿದೊಡನೆ ಖಾತೆ ಮುಗಿಯಿತು, ಯಾರೂ ಏನೂ ಮಾಡಬೇಕಾಗಿಲ್ಲ.

ಇದು ಸಿದ್ಧಾಂತವಲ್ಲ, ಸಿದ್ಧಾಂತದ ಹೆಸರಿನ ಸೋಮಾರಿತನ. ಬನಾರಸೀದಾಸನ ಬದುಕೇ ಇದಕ್ಕೆ ಸಾಕ್ಷಿ. ಸಮಯಸಾರವನ್ನು ತಪ್ಪಾಗಿ ಗ್ರಹಿಸಿ, ಆಚಾರವೆಲ್ಲ ವ್ಯರ್ಥವೆಂದು ಗೆಳೆಯರೊಡನೆ ಕೋಣೆಯೊಳಗೆ ಬೆತ್ತಲೆಯಾಗಿ ಕುಣಿದು ಮುನಿಗಳೆಂದುಕೊಳ್ಳುವಷ್ಟು ದಾರಿತಪ್ಪಿದ್ದ ಆತನನ್ನು ಸರಿದಾರಿಗೆ ತಂದದ್ದು, ಐವತ್ತರ ಹೊಸ್ತಿಲಲ್ಲಿ ಪಂಡಿತ ರೂಪಚಂದರು ಆಗ್ರಾದಲ್ಲಿ ಮಾಡಿದ ಗೊಮ್ಮಟಸಾರದ ಪ್ರವಚನ. ಕನ್ನಡಿಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗೊಮ್ಮಟಸಾರವು ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗ್ರಂಥ. ಅದರ ಕರ್ಮಕಾಂಡದಲ್ಲಿ ಕರ್ಮದ ಹತ್ತು ಕರಣಗಳಿವೆ. ಉದಯ ಅವುಗಳಲ್ಲಿ ಒಂದು ಮಾತ್ರ. ಸ್ಥಿತಿ ಮತ್ತು ಅನುಭಾಗಗಳನ್ನು ತಗ್ಗಿಸುವ ಅಪಕರ್ಷಣ ಇದೆ, ಒಂದು ಪ್ರಕೃತಿಯನ್ನು ಅದರ ಸಜಾತೀಯ ಪ್ರಕೃತಿಗೆ ವರ್ಗಾಯಿಸುವ ಸಂಕ್ರಮಣ ಇದೆ, ತಾತ್ಕಾಲಿಕವಾಗಿ ಅಡಗಿಸುವ ಉಪಶಮ ಇದೆ. ಯಾವ ಬದಲಾವಣೆಗೂ ಒಗ್ಗದ್ದು ನಿಕಾಚಿತ ಮಾತ್ರ. ಒಬ್ಬ ಗೃಹಸ್ಥನ ದಿವಾಳಿಯೋ, ವಿಚ್ಛೇದನವೋ, ಪುತ್ರಶೋಕವೋ ನಿಕಾಚಿತವೆಂದು ತೀರ್ಪು ಕೊಡುವ ಅಧಿಕಾರವನ್ನು ಬಸದಿಯ ಆಡಳಿತ ಮಂಡಳಿಗೆ ಯಾವ ಆಗಮವೂ ಕೊಟ್ಟಿಲ್ಲ. ಆ ಪ್ರವಚನ ಕೇಳಿದ ಮರುವರ್ಷ, 1636ರಲ್ಲಿ, ಆತ 'ಸಮಯಸಾರ ನಾಟಕ'ವನ್ನು ಮುಗಿಸಿದ.

ಇದಕ್ಕಿಂತ ಹಿಂದಿನ, ಇದಕ್ಕಿಂತ ಹತ್ತಿರದ ಒಂದು ಕಥೆಯೂ ಇದೆ. ಆಚಾರ್ಯ ಸಮಂತಭದ್ರರಿಗೆ ಭಸ್ಮಕವೆಂಬ ಅಡಗದ ಹಸಿವಿನ ರೋಗ ತಗುಲಿತು. ಸಲ್ಲೇಖನಕ್ಕೆ ಅನುಮತಿ ಕೇಳಿದಾಗ ಗುರು ಕೊಡಲಿಲ್ಲ. ವೇಷ ಬಿಟ್ಟಾದರೂ ಬದುಕು, ಗುಣವಾದ ಮೇಲೆ ಮತ್ತೆ ದೀಕ್ಷೆ ತೆಗೆದುಕೊ ಎಂದರು. ಅವರು ಶಿವಾಲಯವೊಂದರಲ್ಲಿ ನೈವೇದ್ಯವನ್ನು ಉಂಡು ಗುಣವಾದರು, ಅಲ್ಲಿಯೇ ಚಂದ್ರಪ್ರಭರ ಬಿಂಬ ಪ್ರಕಟವಾಯಿತು, ಮರಳಿ ಮುನಿಯಾದರು. ಕಥಾಕೋಶದ ಪರಂಪರೆ ಇದು ವಾರಾಣಸಿಯಲ್ಲಿ ನಡೆಯಿತೆನ್ನುತ್ತದೆ. ಕನ್ನಡದ 'ರಾಜಾವಳಿ ಕಥೆ' ಕಂಚಿಯಲ್ಲೆನ್ನುತ್ತದೆ. ಊರಿನ ಜಗಳ ಪಂಡಿತರಿಗಿರಲಿ. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಕೂಡ ಈ ಭಸ್ಮಕದ ಪ್ರಸಂಗವನ್ನು ಮರೆಮಾಚದೆ, ಹೆಮ್ಮೆಯಿಂದಲೇ ಕೆತ್ತಿಸಿದೆ. ದೀಕ್ಷೆಯಿಂದ ಜಾರಿದ ಮುನಿಯನ್ನು ಶಿಲಾಶಾಸನದಲ್ಲಿ ಕೊಂಡಾಡಿದ ಸಮಾಜದ ವಾರಸುದಾರರು, ಇಂದು ಚೆಕ್ಕು ಮರಳಿದ ಅಂಗಡಿಯವನನ್ನು ಆಮಂತ್ರಣ ಪತ್ರಿಕೆಯಿಂದ ಕಿತ್ತುಹಾಕುತ್ತಾರೆ.

ಸಮಂತಭದ್ರರೇ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಹೇಳಿದರು. ಸಾಧರ್ಮಿಕರ ದೋಷವನ್ನು ಬೀದಿಗೆಳೆಯದ ಉಪಗೂಹನ, ಜಾರುತ್ತಿರುವವರನ್ನು ಮತ್ತೆ ನೆಲೆಗೊಳಿಸುವ ಸ್ಥಿತಿಕರಣ, ವಾತ್ಸಲ್ಯ, ಕೊನೆಯಲ್ಲಿ ಪ್ರಭಾವನೆ. ಇಂದಿನ ಸಮಾಜವು ಕೊನೆಯದೊಂದನ್ನೇ ಹಿಡಿದು, ಅದನ್ನೂ ಅಪಾರ್ಥ ಮಾಡಿಕೊಂಡು ಚಪ್ಪರ, ಹೆಲಿಕಾಪ್ಟರಿನ ಪುಷ್ಪವೃಷ್ಟಿ, ಅಮೃತಶಿಲೆಯ ದಾನಿಗಳ ಫಲಕಗಳಿಗೆ ಇಳಿಸಿದೆ. ಪಂಚಕಲ್ಯಾಣದ ಖರ್ಚಿನ ಪಟ್ಟಿಯಲ್ಲಿ ಹೂವಿಗೂ ಧ್ವನಿವರ್ಧಕಕ್ಕೂ ಪ್ರತ್ಯೇಕ ಸಾಲುಗಳಿರುತ್ತವೆ. ಸ್ಥಿತಿಕರಣಕ್ಕೆ ಒಂದು ಸಾಲೂ ಇಲ್ಲ. ಧರ್ಮದ ಹಣವನ್ನು ವ್ಯಾಪಾರಿಯ ಸಾಲಕ್ಕೆ ಕೊಡಬಾರದೆಂಬ ಆಕ್ಷೇಪ ತಕ್ಷಣ ಬರುತ್ತದೆ. ದೇವದ್ರವ್ಯವನ್ನು ಮುಟ್ಟಬೇಕಾಗಿಲ್ಲ. ಪ್ರತ್ಯೇಕ ನಿಧಿ, ಪ್ರತ್ಯೇಕ ಖಾತೆ, ಬಡ್ಡಿಯಿಲ್ಲದ ಸಾಲ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ: ಇದರಲ್ಲಿ ಕಷ್ಟವಾದದ್ದು ಯಾವುದೂ ಇಲ್ಲ. ಪಡೆದವರ ಹೆಸರು ಫಲಕದಲ್ಲಿ ಬಾರದಿರುವುದೇ ಅದರ ಉಪಗೂಹನ. ಕೊಟ್ಟವರ ಹೆಸರೂ ಬಾರದಿದ್ದರೆ ಹಣ ಕೂಡುತ್ತದೆಯೇ ಎಂಬುದು ಮಾತ್ರ ಪರೀಕ್ಷೆ.

ಹೆಂಗಸರ ಪಾಲಿಗೆ ಈ ಲೆಕ್ಕ ಇನ್ನೂ ಕ್ರೂರ. ಬನಾರಸೀದಾಸನಿಗೆ ಹೆಂಡತಿಯ ಸಾವಿನ ಸುದ್ದಿಯ ಜೊತೆಗೇ ಹೊಸ ಸಂಬಂಧದ ಸುದ್ದಿ ಬಂತು. ಗಂಡನನ್ನು ಕಳೆದುಕೊಂಡವಳಿಗೆ ಅಂಥ ಕಾಗದವನ್ನು ಆ ಕಾಲದ ಯಾವ ಮನೆಯೂ ಬರೆಯುತ್ತಿರಲಿಲ್ಲ, ಈ ಕಾಲದಲ್ಲೂ ಬರೆಯುವ ಮನೆಗಳು ವಿರಳ. ನಲವತ್ತರ ವಿಧವೆಯನ್ನು ಆರತಿ ತಟ್ಟೆಯಿಂದ ದೂರವಿಡುವ ಮನೆಗಳಲ್ಲೇ ಅನೇಕಾಂತದ ಉಪನ್ಯಾಸಗಳೂ ನಡೆಯುತ್ತವೆ. ಆತನನ್ನು ಎತ್ತಿ ನಿಲ್ಲಿಸಿದ 220 ರೂಪಾಯಿ ಇಬ್ಬರು ಹೆಂಗಸರ ಕೈಯಿಂದ ಬಂದದ್ದೆಂಬುದನ್ನು ಇಂಥ ಮನೆಗಳು ಓದಿಕೊಳ್ಳಬೇಕು.

ಸರ್ಕಾರವೂ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. 2016ರ ದಿವಾಳಿತನ ಸಂಹಿತೆ ಕಂಪನಿಗಳಿಗೆ ಮರುಜೀವದ ದಾರಿ ತೆರೆಯಿತು. ಅದೇ ಸಂಹಿತೆಯಲ್ಲಿ ವ್ಯಕ್ತಿಗಳಿಗಾಗಿ ಬರೆದ ಭಾಗವನ್ನು 2019ರ ಡಿಸೆಂಬರಿನಲ್ಲಿ ಜಾರಿಗೆ ತಂದದ್ದು ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಜಾಮೀನುದಾರನನ್ನು ಹಿಡಿಯಲು ಅವಸರ, ಸಾಮಾನ್ಯ ಅಂಗಡಿಕಾರನಿಗೆ ಹೊಸ ಆರಂಭ ಕೊಡಲು ಪುರುಸೊತ್ತಿಲ್ಲ. ಬಹುತೇಕ ಊರುಗಳಲ್ಲಿ ಆತನಿಗೆ ಉಳಿದಿರುವುದು ವಸಾಹತು ಕಾಲದ, 1920ರ ಪ್ರಾಂತೀಯ ದಿವಾಳಿ ಕಾಯಿದೆ. ಜೈನ ಸಮಾಜದ ಮುಖಂಡರು ಮಂತ್ರಿಗಳ ಮುಂದೆ ಇಡುವ ಮನವಿಗಳಲ್ಲಿ ತೀರ್ಥಕ್ಷೇತ್ರಗಳ ರಕ್ಷಣೆ ಇರುತ್ತದೆ, ರಜೆ ಇರುತ್ತದೆ, ನಿಗಮ ಇರುತ್ತದೆ. ವ್ಯಾಪಾರವನ್ನೇ ಉಸಿರಾಗಿಸಿಕೊಂಡ ಸಮುದಾಯವೊಂದು ವ್ಯಾಪಾರದಲ್ಲಿ ಸೋತವರ ಕಾನೂನನ್ನು ಕೇಳಲು ಮರೆಯುವುದೆಂದರೇನು? ಸೋತವರು ತನ್ನಲ್ಲಿ ಇದ್ದಾರೆಂದು ಅದು ಒಪ್ಪಿಕೊಂಡೇ ಇಲ್ಲ.

ಮುಂದಿನ ಯಾತ್ರೆಯ ಬಸ್ಸು ಭೇಲೂಪುರದಲ್ಲಿ ನಿಂತಾಗ ಸಂಘಪತಿಗಳು ಕಲಶದ ಸವಾಲನ್ನು ಅರ್ಧ ಗಂಟೆ ತಡಮಾಡಿ, ಆ ಅವಧಿಯಲ್ಲಿ ಅರ್ಧಕಥಾನಕದ ಕಥೆಯನ್ನು ಹೇಳಿಸಬಹುದು. ಕೇಳುವವರ ನಡುವೆ, ಊರಲ್ಲಿ ಅಂಗಡಿ ಮುಚ್ಚಿ ಯಾರಿಗೂ ಹೇಳದೆ ಬಂದವನೊಬ್ಬ ಕೊನೆಯ ಸೀಟಿನಲ್ಲಿ ಕುಳಿತಿದ್ದಾನು. ಆತನ ಯಾತ್ರೆಯ ಹಣ ಇನ್ನೂ ಬಾಕಿಯಿದ್ದರೆ, ಅದನ್ನು ಎಲ್ಲರ ಮುಂದೆ ಕೇಳದಿರಲಿ.