ಆಲೂಗಡ್ಡೆಗೆ ಔಷಧಿ, ಬದುವಿನ ಕಳೆಗೆ ರಾಜೋಪಚಾರ!

ಹಾಸನ ಸೀಮೆಯ ರೈತ ಮುಂಗಾರಿನ ಆಲೂಗಡ್ಡೆಗೆ ಸುರಿಯುವ ಹಣ ಸಣ್ಣದಲ್ಲ. ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುವ ಬಿತ್ತನೆ ಗಡ್ಡೆ, ಗೊಬ್ಬರ, ಆಳಿನ ಕೂಲಿ, ಅದರ ಮೇಲೆ ಔಷಧಿ. ಇಷ್ಟೆಲ್ಲ ಮಾಡಿ ಬದುವಿನ ಮೇಲೆ ಮೊಣಕಾಲುದ್ದ ಕಳೆ ಬಿಟ್ಟುಕೊಂಡರೆ ಏನು ಬಂತು ಭಾಗ್ಯ?

ಆ ಕಳೆ ಬರೀ ಗೊಬ್ಬರ ತಿನ್ನುವ ಕಳ್ಳನಲ್ಲ, ರೋಗಕ್ಕೆ ಕಟ್ಟಿಸಿದ ಛತ್ರ. ಗಣಿಕೆ, ಗುಪ್ಪಟೆ, ದತ್ತೂರಿ ಎಲ್ಲ ಆಲೂಗಡ್ಡೆಯ ದಾಯಾದಿಗಳು, ಒಂದೇ ಕುಲ. ಹೊಲ ಖಾಲಿ ಇರುವ ತಿಂಗಳುಗಳಲ್ಲಿ ಗಡ್ಡೆ ಕೊರೆಯುವ ಹುಳಕ್ಕೆ ಊಟ-ವಸತಿ ಇಂಥ ಗಿಡಗಳಲ್ಲೇ. ಸೊರಗು ರೋಗದ ಬ್ಯಾಕ್ಟೀರಿಯಾ ಗಣಿಕೆಯ ಬೇರಿನಲ್ಲಿ ಅವಿತಿದ್ದರೂ ಮೇಲೆ ಗಿಡ ಹಸಿರಾಗಿ ನಗುತ್ತಿರಬಹುದು. ಇನ್ನು ಸಸ್ಯಹೇನಿನ ಕಥೆ ಬೇರೆ. ನಂಜು ಹಿಡಿದ ಕಳೆಗೆ ಒಮ್ಮೆ ಮೂತಿ ಚುಚ್ಚಿ, ಹಾರಿ ಬಂದು ಆಲೂ ಎಲೆಗೆ ಚುಚ್ಚಿದರೆ ಮುಗಿಯಿತು. ‘ವೈ’ ವೈರಸ್ ದಾಟಿಕೊಳ್ಳಲು ಒಂದು ನಿಮಿಷವೂ ಬೇಡ. ಔಷಧಿಗೆ ಹೇನು ಸಾಯುವ ಹೊತ್ತಿಗೆ ರೋಗ ಅಂಟಿಸಿಯಾಗಿರುತ್ತದೆ.

ಗಣಿಕೆ ಸೊಪ್ಪಿನ ಸಾರು ಯಾರಿಗೆ ಬೇಡ ಸ್ವಾಮಿ? ಹಿತ್ತಲಲ್ಲಿ ಬೆಳೆಸಲಿ, ಆಲೂ ಸಾಲಿನ ನಡುವೆ ಬೇಡ.

ಅಂಗಮಾರಿಯ ತಪ್ಪನ್ನೂ ಕಳೆಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಕಳೆ ದಟ್ಟವಾದರೆ ಎಲೆಯ ತೇವ ಆರದೆ ರೋಗಕ್ಕೆ ಅನುಕೂಲ, ಅಷ್ಟು ನಿಜ. ಆದರೆ ಅದು ಹೆಚ್ಚಾಗಿ ಹುಟ್ಟುವುದು ರೋಗದ ಬಿತ್ತನೆಯಿಂದ, ಅಗೆದು ಬಿಟ್ಟ ಗಡ್ಡೆ ತಾನೇ ಮೊಳೆತಲ್ಲಿಂದ, ಕೊಳೆತ ರಾಶಿಯಿಂದ. ಇಲ್ಲಿ ಪೇಟೆಯವರ ಪಾಲೂ ಇದೆ. ಮಂಡಿಯಲ್ಲಿ ಆರಿಸಿ ಎಸೆದ ಗಡ್ಡೆ ಚರಂಡಿ ಬದಿಗೆ ಬಿದ್ದು, ಮಳೆಗೆ ಚಿಗುರಿ ನಿಂತರೆ ಅದೂ ಕಳೆಯೇ. ಗುಂಡಿ ತೋಡಿ ಆಳದಲ್ಲಿ ಮುಚ್ಚಲು ಅಂಗಡಿಯವರಿಗೆ ಎಷ್ಟು ಖರ್ಚಾದೀತು? ಬೆಳೆ ಕೆಟ್ಟ ವರ್ಷ ಮಂಡಿಗೂ ಮೂಟೆ ಬರುವುದಿಲ್ಲ, ಹಳ್ಳಿಯವರು ಪೇಟೆಯಲ್ಲಿ ಬಟ್ಟೆಬರೆಯನ್ನೂ ಕೊಳ್ಳುವುದಿಲ್ಲ.

ಕಳೆ ತೆಗೆಯುವುದಕ್ಕೂ ಹೊತ್ತು-ಗೊತ್ತು ಬೇಕು. ಬೆಳೆ ಮೇಲೆದ್ದ ಮೇಲೆ ಬದು ಸವರಿದರೆ ಅಲ್ಲಿದ್ದ ಹುಳವೆಲ್ಲ ಮೆರವಣಿಗೆ ಹೊರಟಂತೆ ಹೊಲಕ್ಕೇ ಇಳಿಯುತ್ತದೆ. ಬಿತ್ತನೆಗೆ ಮುಂಚೆಯೇ ಬದು ಹಸನಾಗಬೇಕು. ಮಣ್ಣು ಏರಿಸುವಾಗ ಸಾಲಿನ ಕಳೆ ಹೋಗಬೇಕು.

ರೈತ ತನ್ನ ಬದು ನೋಡಿಕೊಂಡಾನು. ರಸ್ತೆ ಬದಿಯ ಕಾಂಗ್ರೆಸ್ ಗಿಡ, ಅದರ ಮೇಲಿನ ಬಿಳಿನೊಣ ಯಾರ ಖಾತೆಗೆ? ಬಸ್ಸಿನ ಕಿಟಕಿಯಿಂದ ಇಣುಕಿದವರಿಗೆಲ್ಲ ಅದು ಕಾಣುತ್ತದೆ, ಪಂಚಾಯಿತಿಗೆ ಕಾಣುವುದಿಲ್ಲವೇ? ಬೀಜ ಉದುರಿದ ಮೇಲೆ ಆಳು ಬಿಟ್ಟು ಸವರಿಸಿದರೆ ಬಿಲ್ಲೇನೋ ಪಾಸಾದೀತು. ಈ ಕೆಲಸ ಹೂ ಬಿಡುವ ಮುಂಚೆ, ಮೊದಲ ಮಳೆ ಬಿದ್ದ ವಾರದಲ್ಲೇ ಆಗಬೇಕು.