ಎರಡನೆ ಸಲ ಕೇಳೋದು ತಪ್ಪೆ?



‘ತೀರ್ಮಾನ ಆಗೋಗಿದೆ, ಇನ್ನು ಬಾಯಿ ಬಿಡಬೇಡಿ’ – ನಮ್ಮ ಕೇರಿಗಳಿಗೆ ಈ ಮಾತು ಹೊಸದಲ್ಲ. ಕಟ್ಟೆ ಮೇಲೆ ಕೂತವರು ತೀರ್ಮಾನ ಮಾಡ್ತಾರೆ, ಕೆಳಗೆ ನಿಂತವರು ತಲೆ ಬಗ್ಗಿಸಬೇಕು. ಒಂದು ಸಲ ಜನಮತಗಣನೆ ನಡೆದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಜನರ ಮುಂದಿಡೋದು ಪ್ರಜಾಪ್ರಭುತ್ವಕ್ಕೆ ವಿರುದ್ಧ ಅನ್ನುವವರ ಬಾಯಲ್ಲೂ ಎಷ್ಟೋ ಸಲ ಇದೇ ದನಿ ಕೇಳಿಸುತ್ತದೆ.

ಸ್ವಿಟ್ಜರ್ಲೆಂಡನ್ನು ನೋಡಿ. ಮಾತೆತ್ತಿದರೆ ಜನಮತ ಕೇಳುವ ದೇಶ. ಹೆಂಗಸರಿಗೆ ಓಟಿನ ಹಕ್ಕು ಕೊಡಬೇಕೆ ಅಂತ 1959ರಲ್ಲಿ ಕೇಳಿದರು. ಓಟು ಹಾಕಿದವರು ಮಾತ್ರ ಬರೀ ಗಂಡಸರು! ನೂರಕ್ಕೆ 67 ಮಂದಿ ಬೇಡ ಅಂದರು. ‘ಜನ ತೀರ್ಮಾನಿಸಿಬಿಟ್ಟರು’ ಅಂತ ಆ ಹೆಂಗಸರು ಸುಮ್ಮನಾಗಲಿಲ್ಲ. 1969ರಲ್ಲಿ ರಾಜಧಾನಿ ಬರ್ನ್‌ಗೆ ಮೆರವಣಿಗೆ ಹೋಗಿ ಸರ್ಕಾರದ ಎದುರೇ ನಿಂತರು. 1971ರಲ್ಲಿ ಮತ್ತೆ ಕೇಳಿದಾಗ ನೂರಕ್ಕೆ 66 ಮಂದಿ ಗಂಡಸರು ಹೂಂ ಅಂದರು. ಗಂಡಸರ ಮನಸ್ಸು ತಾನಾಗಿ ಕರಗಲಿಲ್ಲ, ಹೋರಾಟ ಕರಗಿಸಿತು.

ಹಾಗಂತ ಎರಡನೆ ಸಲ ಕೇಳೋದೆಲ್ಲ ನ್ಯಾಯವಲ್ಲ. ಯುರೋಪ್ ಒಕ್ಕೂಟದ ಲಿಸ್ಬನ್ ಒಪ್ಪಂದವನ್ನು ಐರ್ಲೆಂಡಿನ ಜನ 2008ರಲ್ಲಿ ಬೇಡ ಅಂದರು. ಕೆಲವು ಭರವಸೆ ಕೊಟ್ಟು, ಒಪ್ಪಂದದ ಒಂದಕ್ಷರ ಬದಲಿಸದೆ 2009ರಲ್ಲಿ ಮತ್ತೆ ಓಟಿಗಿಟ್ಟರು. ಜನ ಒಪ್ಪಿದರು. ಮೊದಲ ಸಲವೇ ಒಪ್ಪಿದ್ದರೆ ಆಳುವವರು ಎರಡನೆ ಸಲ ಕೇಳ್ತಿದ್ದರೆ?

ಆದ್ದರಿಂದ ಎಷ್ಟನೆ ಸಲ ಅನ್ನೋದಲ್ಲ ಮುಖ್ಯ, ಯಾರು ಕೇಳ್ತಾರೆ ಅನ್ನೋದು. ಪೆಟ್ಟು ತಿಂದವರು ಕೆಳಗಿನಿಂದ ಕೇಳಿದರೆ ಅದು ಪ್ರಜಾಪ್ರಭುತ್ವ. ಕುರ್ಚಿ ಮೇಲಿನವರು ತಮಗೆ ಬೇಕಾದ ಉತ್ತರ ಬರೋವರೆಗೂ ಕೇಳಿದರೆ ಅದು ಪೀಡನೆ.

ನಮ್ಮ ಕತೆ ಇನ್ನೂ ಕಹಿ. 1932ರ ಪುಣೆ ಒಪ್ಪಂದದ ಮಾತುಕತೆಯಲ್ಲಿ, ಮೀಸಲು ಸ್ಥಾನಗಳ ಮುಂದಿನ ಗತಿಯನ್ನು ಅಸ್ಪೃಶ್ಯರ ಜನಮತವೇ ತೀರ್ಮಾನಿಸಬೇಕು ಅಂತ ಬಾಬಾಸಾಹೇಬರು ಪಟ್ಟು ಹಿಡಿದರು. ಅದು ಎಷ್ಟು ವರ್ಷದ ಮೇಲೆ ಆಗಬೇಕು ಅನ್ನುವುದರಲ್ಲಿ ಗಾಂಧೀಜಿಗೂ ಅವರಿಗೂ ಜಗ್ಗಾಟವಾಯಿತು. ಕೊನೆಗೆ ಸಹಿ ಬಿದ್ದ ಕಾಗದದಲ್ಲಿ ಜನಮತದ ಮಾತೇ ಇರಲಿಲ್ಲ. ನಮ್ಮನ್ನು ಒಂದನೆ ಸಲವೇ ಕೇಳಲಿಲ್ಲ, ಇನ್ನು ಎರಡನೆಯದೆಲ್ಲಿ?

ಹಾಸ್ಟೆಲಿನ ರೂಮುಗಳಲ್ಲಿ ಇದನ್ನು ಚರ್ಚಿಸಿ. ‘ಜನ ತೀರ್ಮಾನಿಸಿದ್ದಾರೆ’ ಅಂತ ಯಾರಾದರೂ ಅಂದರೆ ಎದ್ದು ನಿಂತು ಕೇಳಿ: ಯಾವ ಜನ? ಅವತ್ತು ಯಾರನ್ನು ಹೊರಗೆ ನಿಲ್ಲಿಸಿದ್ದಿರಿ?

ಜೈಭೀಮ್.