ಎಂಟು ದಿನ, ಒಂಬತ್ತು ಊರು: ಶ್ರೀಲಂಕೆಗೆ ಹೊರಟವರೊಡನೆ ಒಂದು ತಕರಾರು



ಈಚಿನ ಕೆಲವು ತಿಂಗಳುಗಳಿಂದ ನಿಮ್ಮಲ್ಲಿ ಹಲವರು ಒಂದೇ ಬಗೆಯ ಹಾಳೆಯನ್ನು ನನ್ನ ಮುಂದಿಟ್ಟು, "ಸರ್, ಒಮ್ಮೆ ನೋಡಿ ಹೇಳಿ" ಎನ್ನುತ್ತಿದ್ದೀರಿ. ಮೊದಲ ವಿದೇಶ ಪ್ರವಾಸ. ಹತ್ತಿರದ ದೇಶವಾದ್ದರಿಂದ ಶ್ರೀಲಂಕಾ. ಕೈಯಲ್ಲಿರುವ ಹಣ ಮಿತವಾದುದು. ಆದರೆ ಹಾಳೆಯ ಮೇಲೆ ಊರುಗಳ ಜಾತ್ರೆಯೇ ನೆರೆದಿರುತ್ತದೆ: ನೆಗೊಂಬೊ, ಸಿಗಿರಿಯಾ, ದಂಬುಲ್ಲ, ಕ್ಯಾಂಡಿ, ನುವರ ಎಲಿಯ, ಎಲ್ಲ, ಯಾಲ, ಗಾಲ್, ಕೊಲಂಬೊ. ಎಂಟು ದಿನಕ್ಕೆ ಒಂಬತ್ತು ಊರು! ಕೊಡುವ ಹಣಕ್ಕೆ ಹೆಚ್ಚು ಊರು ಸಿಕ್ಕಿದರೆ ಲಾಭವೆಂದು ಈ ಪಟ್ಟಿಯನ್ನು ಮಾರುವವರೂ ಕೊಳ್ಳುವವರೂ ನಂಬಿದ್ದಾರೆ. ಆ ನಂಬಿಕೆಯೇ ನಷ್ಟದ ಮೂಲವೆಂದು ನಾನು ವಾದಿಸುತ್ತೇನೆ. ಹಣ ಕಡಿಮೆಯಿರುವವನು ಊರುಗಳನ್ನು ಕಡಿಮೆ ಮಾಡಬೇಕು. ಅವನಿಗಿರುವ ಮುಖ್ಯ ಉಳಿತಾಯದ ದಾರಿ ಅದೇ.

ಮೊದಲು ಲೆಕ್ಕವನ್ನೇ ನೋಡೋಣ. ಪ್ರವಾಸದ ಖರ್ಚಿಗೆ ಐದು ಬಾಬ್ತುಗಳು: ವಿಮಾನ ಮತ್ತು ವೀಸಾ, ಕೊಠಡಿ, ಊಟ, ಓಡಾಟ, ಪ್ರವೇಶದ ಟಿಕೆಟ್ಟು. ನೀವು ಎರಡು ಊರು ನೋಡಿದರೂ ಒಂಬತ್ತು ಊರು ನೋಡಿದರೂ ವಿಮಾನದ ದರ ಅಷ್ಟೇ. ಊಟ ಎಲ್ಲಿದ್ದರೂ ಮಾಡಲೇಬೇಕು. ಕೊಠಡಿಯಲ್ಲಿ ಒಂದೇ ಕಡೆ ಮೂರು ರಾತ್ರಿ ಉಳಿಯುವವನು ಚೌಕಾಸಿ ಮಾಡಬಹುದು. ರಾತ್ರಿಗೊಂದು ಊರೆಂದು ಅಲೆಯುವವನ ಮಾತಿಗೆ ಬೆಲೆಯಿಲ್ಲ. ಓಡಾಟ ಮತ್ತು ಟಿಕೆಟ್ಟುಗಳಂತೂ ಊರುಗಳ ಸಂಖ್ಯೆಯೊಡನೆ ನೇರವಾಗಿ ಏರುತ್ತವೆ. ನಿಮ್ಮ ಕೈಯಲ್ಲಿರುವ ಹಿಡಿತವೆಲ್ಲ ಇಲ್ಲಿಯೇ ಇದೆ. ಇಲ್ಲಿ ಕೈಬಿಚ್ಚಿ, ಊಟದಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೊರಡುವುದು ಯಾವ ಸೀಮೆಯ ಜಾಣತನ?

ಇನ್ನು ಕಾಲದ ಲೆಕ್ಕ. ಎಂಟರಲ್ಲಿ ಹೋಗುವ ದಿನ, ಬರುವ ದಿನ ಕಳೆದರೆ ಉಳಿಯುವುದು ಆರು. ಊರು ಬದಲಿಸಿದ ಪ್ರತಿ ಸಲವೂ ಸಾಮಾನು ಕಟ್ಟುವುದು, ಕೊಠಡಿ ತೆರವು ಮಾಡುವುದು, ದಾರಿ ಸವೆಸುವುದು, ಹೊಸ ಕೊಠಡಿ ಸಿದ್ಧವಾಗುವವರೆಗೆ ಕಾಯುವುದು ಎಂದು ಅರ್ಧ ದಿನ ಕರಗುತ್ತದೆ. ಆರು ಸಲ ಬದಲಿಸಿದರೆ ಮೂರು ದಿನಗಳು ದಾರಿಯ ಪಾಲು. ಶ್ರೀಲಂಕೆಯ ವಿಸ್ತೀರ್ಣ 65,610 ಚದರ ಕಿಲೋಮೀಟರು, ನಮ್ಮ ಕರ್ನಾಟಕದ ಸುಮಾರು ಮೂರನೆಯ ಒಂದು ಭಾಗ. ನಕ್ಷೆಯಲ್ಲಿ ಪುಟ್ಟದಾಗಿ ಕಾಣುವುದರಿಂದ ಎಲ್ಲವೂ ಕೈಯಳತೆಯಲ್ಲಿದೆಯೆಂಬ ಭ್ರಮೆ ಹುಟ್ಟುತ್ತದೆ. ಆದರೆ ನಡುನಾಡು ಬೆಟ್ಟಗಳದು. ಕ್ಯಾಂಡಿಯಿಂದ ಎಲ್ಲಕ್ಕೆ ರೈಲು ಸಲೀಸಾಗಿ ಓಡಿದ ದಿನಗಳಲ್ಲೂ ಆರೇಳು ಗಂಟೆ ಹಿಡಿಯುತ್ತಿತ್ತು. ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಹತ್ತಿಳಿದವರಿಗೆ ಬೆಟ್ಟದ ಕಿಲೋಮೀಟರು ಬಯಲಿನ ಕಿಲೋಮೀಟರಿಗಿಂತ ಉದ್ದವೆಂದು ಹೇಳಿಕೊಡಬೇಕಾಗಿಲ್ಲ.

'ಎಲ್ಲ' ಎಂಬುದು ಒಂದು ಊರಿನ ಹೆಸರು. ಸಿಂಹಳದಲ್ಲಿ ಆ ಶಬ್ದಕ್ಕೆ ಜಲಪಾತವೆಂದರ್ಥ. ಕನ್ನಡಿಗರಾದ ನಾವು ಅದನ್ನು ನಮ್ಮ ಅರ್ಥದಲ್ಲೇ ತೆಗೆದುಕೊಂಡು "ಎಲ್ಲವನ್ನೂ" ನೋಡಹೊರಡುತ್ತೇವೆ. ಎಲ್ಲವನ್ನು ಬಿಟ್ಟರೆ ಎಲ್ಲವನ್ನೂ ಬಿಟ್ಟಂತಾಗುವುದಿಲ್ಲ, ಮಕ್ಕಳೇ.

ಪಟ್ಟಿ ತಯಾರಿಸುವವರು ಮರೆಮಾಡುವ ಇನ್ನೊಂದು ಸಂಗತಿ ಮಳೆ. ಒಂಬತ್ತನೆಯ ತರಗತಿಯಲ್ಲಿ ನಾನು ಮಾರುತಗಳ ಪಾಠ ಮಾಡಿದ್ದು ನಿಮಗೆ ನೆನಪಿರಬಹುದು. ಆ ದ್ವೀಪಕ್ಕೆ ಎರಡು ಮಳೆಗಾಲ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತವು ಗಾಲ್, ಕೊಲಂಬೊ ಮತ್ತು ಬೆಟ್ಟಗಳ ಪಶ್ಚಿಮ ಮಗ್ಗುಲನ್ನು ತೋಯಿಸುತ್ತದೆ. ಆಗ ತ್ರಿಂಕೋಮಲಿಯಿರುವ ಪೂರ್ವ ಕರಾವಳಿ ಒಣಗಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತದ ಸರದಿ. ಮಳೆ ಉತ್ತರ ಮತ್ತು ಪೂರ್ವಕ್ಕೆ. ಆಗುಂಬೆ ನೆನೆಯುವಾಗ ಚಿತ್ರದುರ್ಗ ಒಣಗಿರುವ ನಿಯಮವೇ ಅಲ್ಲಿಯೂ ಇದೆ. ಇವೆರಡರ ನಡುವಿನ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ದ್ವೀಪದ ಹೆಚ್ಚಿನ ಭಾಗಕ್ಕೆ ಮಳೆಯುಂಟು, ಚಂಡಮಾರುತಗಳ ಭಯವೂ ಉಂಟು. ನಮ್ಮ ಶಾಲೆಗಳ ರಜೆ ಬರುವುದು ದಸರೆಯಲ್ಲಿ ಮತ್ತು ಏಪ್ರಿಲ್, ಮೇ ತಿಂಗಳುಗಳಲ್ಲಿ. ಮೇ ಕೊನೆಯಲ್ಲಿ ಗಾಲ್‌ನ ಕಡಲತೀರವನ್ನು "ಅಗ್ಗದ ದರ"ಕ್ಕೆ ಕೊಡುತ್ತಾರೆಂದರೆ ಕಾರಣವಿಲ್ಲದೆ ಕೊಡುತ್ತಾರೆಯೇ? ಏಪ್ರಿಲ್ 13, 14ರಂದು ಸಿಂಹಳೀಯರಿಗೂ ತಮಿಳರಿಗೂ ಹೊಸ ವರ್ಷ. ಜನರೆಲ್ಲ ತವರಿಗೆ ಹೊರಡುತ್ತಾರೆ, ಅಂಗಡಿಗಳು ಮುಚ್ಚುತ್ತವೆ, ಬಸ್ಸುಗಳು ತುಂಬಿ ತುಳುಕುತ್ತವೆ. ಮಿತವ್ಯಯದ ಪ್ರವಾಸಿಗೆ ಪಂಚಾಂಗ ಮೊದಲು, ಊರಿನ ಪಟ್ಟಿ ಆಮೇಲೆ.

ನನ್ನ ಅಕ್ಕ ಮತ್ತು ಭಾವ ಇಂಥದೇ ಒಂದು ತಂಡದೊಡನೆ ಹೋಗಿಬಂದರು. ಗಾಲ್ ಕೋಟೆಯಲ್ಲಿ ಅವರಿಗೆ ದೊರೆತದ್ದು ನಲವತ್ತು ನಿಮಿಷ. ಅದೇ ಪ್ರವಾಸದಲ್ಲಿ ಒಂದು ಸಾಂಬಾರ ಪದಾರ್ಥಗಳ ತೋಟದಲ್ಲಿ ಒಂದೂವರೆ ಗಂಟೆ, ರತ್ನದ ಅಂಗಡಿಯಲ್ಲಿ ಒಂದು ಗಂಟೆ. ಮಂಡಿನೋವಿಗೆಂದು ಅಕ್ಕ ಅಲ್ಲಿ ಕೊಂಡುತಂದ ತೈಲದ ಸೀಸೆ ಇನ್ನೂ ಅವರ ಕಪಾಟಿನಲ್ಲಿದೆ. ಗಿರಾಕಿಗಳನ್ನು ಕರೆತಂದವರಿಗೆ ಅಂಗಡಿಯವರು ಪಾಲು ಕೊಡುವುದು ಪ್ರವಾಸದ ವ್ಯಾಪಾರದಲ್ಲಿ ಗುಟ್ಟೇನಲ್ಲ. ಪ್ಯಾಕೇಜಿನ ಬೆಲೆ ಕಡಿಮೆಯಾಗಿ ಕಂಡಾಗ, ಉಳಿದದ್ದನ್ನು ಯಾರ ಜೇಬಿನಿಂದ ತುಂಬಿಸಿಕೊಳ್ಳುತ್ತಾರೆಂದು ಕೇಳಬೇಡವೇ? "ಕ್ಯಾಂಡಿಯಲ್ಲಿ ಏನು ಉಂಡಿರಿ?" ಎಂದು ಭಾವನವರನ್ನು ಕೇಳಿದೆ. "ಪನ್ನೀರು, ನಾನ್" ಎಂದರು. ಅಷ್ಟು ದೂರ ಹೋಗಿ, ನಮ್ಮ ತಾಲ್ಲೂಕು ಕೇಂದ್ರದ ಹೊಸ ಹೋಟೆಲಿನಲ್ಲಿ ದೊರೆಯುವುದನ್ನೇ ಉಂಡು ಬಂದಿದ್ದರು.

ನಿಮ್ಮ ಆಕ್ಷೇಪಗಳನ್ನು ಬಲ್ಲೆ. "ಜೀವಮಾನದಲ್ಲಿ ಒಮ್ಮೆ ಹೋಗುವುದು, ಎಲ್ಲವನ್ನೂ ನೋಡಿಬಿಡಬೇಡವೇ?" ಒಮ್ಮೆ ಮಾತ್ರ ಹೋಗುವುದು ನಿಜವಾದರೆ, ಆ ಒಂದು ಸಲವನ್ನು ಕಿಟಕಿಯ ಗಾಜಿನ ಹಿಂದೆ ಕಳೆಯಬಾರದೆಂಬುದೇ ನನ್ನ ವಾದ. "ದೇಶ ಸುತ್ತು, ಕೋಶ ಓದು" ಎಂದರು ಹಿರಿಯರು. ಕೋಶದ ಹಾಳೆಗಳನ್ನು ಬರಿದೆ ಮಗುಚಿದವನನ್ನು ಓದಿದವನೆಂದು ಯಾರೂ ಕರೆಯುವುದಿಲ್ಲ. ದೇಶಕ್ಕೆ ಮಾತ್ರ ಬೇರೆ ನ್ಯಾಯವೇಕೆ?

"ನಮ್ಮ ಶಾಲಾ ಪ್ರವಾಸದಲ್ಲಿ ಎರಡು ದಿನಕ್ಕೆ ಏಳು ಸ್ಥಳ ತೋರಿಸಿದಿರಲ್ಲ ಸರ್!" ಎಂದು ಒಬ್ಬ ಶಿಷ್ಯ ಚುಚ್ಚಿದ. ಅಲ್ಲಿ ಅರವತ್ತು ಮಕ್ಕಳಿಗೆ ಒಂದೇ ಬಸ್ಸಿತ್ತು, ರಜೆ ಎರಡೇ ದಿನದ್ದು. ಊರಿನ ಗಡಿ ದಾಟಿರದ ಮಕ್ಕಳಿಗೆ ಬೇಲೂರು, ಹಳೇಬೀಡು ಎಲ್ಲಿವೆಯೆಂದು ತೋರಿಸುವುದು ಉದ್ದೇಶವಾಗಿತ್ತು. ದೊಡ್ಡವರಾದ ಮೇಲೆ ಮತ್ತೆ ಹೋಗಿ ನಿಧಾನವಾಗಿ ನೋಡಿ ಎಂದು ಅಂದೇ ಹೇಳಿದ್ದೆ. ಆ ಶಿಷ್ಯನಿಗೀಗ ಐವತ್ತು ವರ್ಷ!

"ವಯಸ್ಸಾದ ತಂದೆತಾಯಿ ಜೊತೆಗಿದ್ದಾರೆ, ಪ್ಯಾಕೇಜೇ ಕ್ಷೇಮ" ಎಂಬುದು ಮೂರನೆಯ ಮಾತು. ವಿಮಾನ ನಿಲ್ದಾಣದಿಂದ ಕೊಠಡಿಗೆ ಕರೆದೊಯ್ಯಲು, ಊರು ಬದಲಿಸುವ ದಿನಗಳಿಗೆ ಒಂದು ಕಾರು ಗೊತ್ತುಮಾಡಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಎಬ್ಬಿಸಿ, ರಾತ್ರಿ ಒಂಬತ್ತಕ್ಕೆ ಹೊಸ ಊರಿನ ಹೊಸ ಮೆಟ್ಟಿಲು ಹತ್ತಿಸುವುದು ಹಿರಿಯರ ಕ್ಷೇಮವಲ್ಲ. ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲುಗಳು, ಚಾಮುಂಡಿ ಬೆಟ್ಟಕ್ಕಿಂತ ಹೆಚ್ಚು. ಹಲ್ಲಿದ್ದಾಗ ಕಡಲೆಯಿರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಎಂಬ ಸ್ಥಿತಿಯ ತಂದೆತಾಯಿಯರಿಗೆ ಕ್ಯಾಂಡಿಯ ಕೆರೆಯ ದಂಡೆಯಲ್ಲಿ ಎರಡು ಸಂಜೆ ಸುಮ್ಮನೆ ಕೂರುವ ಅವಕಾಶ ಕೊಡಿ. ಮಕ್ಕಳ ವೇಳಾಪಟ್ಟಿಗೆ ಅಡ್ಡಿಯಾಗಬಾರದೆಂದು ಅವರು ನೋವನ್ನು ನುಂಗಿಕೊಂಡು ನಡೆಯುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ.

ಹಾಗಾದರೆ ಹೇಗೆ ಹೋಗಬೇಕು? ಏಳು ರಾತ್ರಿಗೆ ಮೂರು ತಂಗುದಾಣ ಸಾಕು. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹೋದರೆ ಹಾರಾಟ ಸುಮಾರು ಒಂದೂವರೆ ಗಂಟೆಯದು. ವಿಮಾನ ಇಳಿಯುವ ಕಟುನಾಯಕೆಯು ಕೊಲಂಬೊಗಿಂತ ನೆಗೊಂಬೊಗೆ ಹತ್ತಿರ. ಮೊದಲ ರಾತ್ರಿ ಅಲ್ಲಿ. ಆಮೇಲೆ ಕ್ಯಾಂಡಿಯಲ್ಲಿ ಮೂರು, ಗಾಲ್‌ನಲ್ಲಿ ಮೂರು. ಸಿಗಿರಿಯಾ ಬೇಕೇಬೇಕೆನ್ನುವವರು ಕ್ಯಾಂಡಿಯಿಂದ ಸುಮಾರು 90 ಕಿಲೋಮೀಟರು ಹೋಗಿ ಅದೇ ದಿನ ಮರಳಬಹುದು, ಸಾಮಾನು ಕೊಠಡಿಯಲ್ಲೇ ಇರುತ್ತದೆ. ಐದನೆಯ ಶತಮಾನದ ಕಾಶ್ಯಪ ರಾಜನ ಆ ಬಂಡೆಯ ಅರಮನೆ ನೋಡತಕ್ಕದ್ದೇ. ಹೊರದೇಶದವರಿಗೆ ಅಲ್ಲಿಯ ಟಿಕೆಟ್ಟು ಡಾಲರಿನ ಲೆಕ್ಕದಲ್ಲಿ ದುಬಾರಿ. ಸಾರ್ಕ್ ದೇಶಗಳವರಿಗೆ ರಿಯಾಯಿತಿಯಿರುವ ಕಡೆಗಳಲ್ಲಿ ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ, ಮರೆಯಬೇಡಿ.

ಮೂರು ದಿನ ನಿಂತರೆ ಏನು ದೊರೆಯುತ್ತದೆಂದು ಕೇಳುವಿರಾದರೆ, ಒಂದು ಉದಾಹರಣೆ ಕೊಡುತ್ತೇನೆ. ಓಡುವ ವಾಹನದಿಂದ ನೋಡಿದವರಿಗೆ ಚಹಾ ತೋಟವೆಂದರೆ ಹಸಿರು ಗುಡ್ಡ, ಒಂದು ಫೋಟೊ. ನಿಂತು ವಿಚಾರಿಸಿದವರಿಗೆ ತಿಳಿಯುವುದೇ ಬೇರೆ. ಆ ಗುಡ್ಡಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಸುಮಾರು ಎರಡು ದಶಕಗಳಲ್ಲಿ ಆ ಕಾಫಿಯನ್ನು ನಿರ್ನಾಮ ಮಾಡಿತು; ಅದೇ ರೋಗ ನಮ್ಮ ಕೊಡಗು, ಚಿಕ್ಕಮಗಳೂರುಗಳನ್ನೂ ಕಾಡಿತು. ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 1867ರಲ್ಲೇ ಕ್ಯಾಂಡಿಗೆ ಹತ್ತಿರದ ಲೂಲ್‌ಕಂದುರದಲ್ಲಿ ಚಹಾ ನೆಟ್ಟಿದ್ದ. ಆ ಬೆಳೆಯೇ ಕೈಹಿಡಿಯಿತು. ತೋಟಗಳಲ್ಲಿ ದುಡಿಯಲು ಬ್ರಿಟಿಷರು ತಮಿಳುನಾಡಿನಿಂದ ಜನರನ್ನು ಕರೆದೊಯ್ದರು. ಸ್ವಾತಂತ್ರ್ಯಾನಂತರ ಅವರಲ್ಲಿ ಬಹುಪಾಲು ಜನರಿಗೆ ಪೌರತ್ವವೇ ಇಲ್ಲವಾಯಿತು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ 5,25,000 ಮಂದಿಯನ್ನು ಭಾರತ ಕರೆಸಿಕೊಳ್ಳಲು ಒಪ್ಪಿತು. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಂಡಿವೆ. ಈ ಕತೆಯ ಒಂದು ತುದಿ ಕ್ಯಾಂಡಿಯ ಬೆಟ್ಟದಲ್ಲಿದೆ, ಇನ್ನೊಂದು ನಮ್ಮ ಜಿಲ್ಲೆಗಳಲ್ಲಿ. ಹಾಗೆಯೇ ಕ್ಯಾಂಡಿಯ ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹನನ್ನು ಬ್ರಿಟಿಷರು 1815ರಲ್ಲಿ ಸೆರೆಹಿಡಿದು ವೆಲ್ಲೂರಿಗೆ ಸಾಗಿಸಿದರು. 1832ರಲ್ಲಿ ಆತ ಅಲ್ಲಿಯೇ ತೀರಿಕೊಂಡ. ಚಿಕಿತ್ಸೆಗೆಂದು ವೆಲ್ಲೂರಿಗೆ ಹೋಗಿಬರುವ ನಮ್ಮವರಲ್ಲಿ ಎಷ್ಟು ಜನ ಇದನ್ನು ಬಲ್ಲರು? ಅರ್ಧ ದಿನದ ಕ್ಯಾಂಡಿಯಲ್ಲಿ ಇದನ್ನು ತಿಳಿಯಲು ಬಿಡುವೆಲ್ಲಿದೆ?

ಗಾಲ್ ಕೂಡ ಹಾಗೆಯೇ. ಪೋರ್ಚುಗೀಸರು ಆರಂಭಿಸಿ ಡಚ್ಚರು ಬಲಪಡಿಸಿದ ಆ ಕೋಟೆ 1988ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಅದರೊಳಗೆ ಇಂದಿಗೂ ಸಂಸಾರವಂದಿಗರಿದ್ದಾರೆ. ಶಾಲೆಯಿದೆ, ಮಸೀದಿ, ಚರ್ಚು, ಬೌದ್ಧ ವಿಹಾರಗಳಿವೆ. ಸಂಜೆ ಕೋಟೆಯ ಗೋಡೆಯ ಮೇಲೆ ನಡೆಯುವುದಕ್ಕೆ ಟಿಕೆಟ್ಟಿಲ್ಲ.

ಕಡಿಮೆ ಊರುಗಳ ಯೋಜನೆಗೆ ಇನ್ನೊಂದು ಗುಣವಿದೆ: ಅದು ಬಾಗುತ್ತದೆ, ಮುರಿಯುವುದಿಲ್ಲ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಆ ದೇಶದಲ್ಲಿ ನೂರಾರು ಜನರನ್ನು ಬಲಿತೆಗೆದುಕೊಂಡಿತು, ಬೆಟ್ಟದ ರೈಲು ಮಾರ್ಗಕ್ಕೂ ರಸ್ತೆಗಳಿಗೂ ಭಾರಿ ಹಾನಿ ಮಾಡಿತು. ಹೊರಡುವ ಮುನ್ನ ಯಾವ ಮಾರ್ಗ ನಡೆಯುತ್ತಿದೆಯೆಂದು ವಿಚಾರಿಸಿಕೊಳ್ಳಿ. ಒಂಬತ್ತು ಕೊಂಡಿಗಳ ಸರಪಣಿಯಲ್ಲಿ ಒಂದು ಕಳಚಿದರೆ ಮುಂದಿನ ಕೊಠಡಿಗಳ ಮುಂಗಡವೂ ಹೋಯಿತು. ಮೂರು ತಂಗುದಾಣಗಳಿರುವವನು ಇನ್ನೊಂದು ರಾತ್ರಿ ಇದ್ದಲ್ಲಿಯೇ ಉಳಿಯುತ್ತಾನೆ, ಅಷ್ಟೆ.

ಕೊನೆಯದಾಗಿ ಕೆಲವು ವ್ಯಾವಹಾರಿಕ ಮಾತುಗಳು. ವೀಸಾ ಶುಲ್ಕದ ನಿಯಮ ಹಲವು ಸಲ ಬದಲಾಗಿದೆ. ಆ ಸರ್ಕಾರದ ಅಧಿಕೃತ ತಾಣದಲ್ಲೇ ನೋಡಿ, ನಡುವಿನವರಿಗೆ ದುಪ್ಪಟ್ಟು ತೆರಬೇಡಿ. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಮೂರಕ್ಕೂ ಹೆಚ್ಚು ರೂಪಾಯಿ ಸಿಗುತ್ತದೆ. ಹೇಳಿದ ಬೆಲೆ ಅಲ್ಲಿಯ ರೂಪಾಯಿಯೋ ಡಾಲರೋ ಎಂದು ಮೊದಲೇ ಕೇಳಿ. ಹುಣ್ಣಿಮೆಯಂದು ಅಲ್ಲಿ ಸಾರ್ವತ್ರಿಕ ರಜೆ, ಅದನ್ನು ಗುರುತುಹಾಕಿಕೊಳ್ಳಿ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಅನ್ನ, ಬೇಳೆ, ತೆಂಗಿನಹಾಲಿನ ಪಲ್ಯಗಳು, ನಮ್ಮ ಒತ್ತು ಶ್ಯಾವಿಗೆಯನ್ನು ಹೋಲುವ ತಿಂಡಿ ಎಲ್ಲೆಡೆ ಸಿಗುತ್ತವೆ. ಕಾಯಿಚಟ್ನಿಯಲ್ಲಿ ಮಾತ್ರ 'ಉಂಬಲಕಡ' ಎಂಬ ಒಣಮೀನು ಸೇರಿರುವುದುಂಟು, ಕೇಳಿ ತಿನ್ನಿ. ಸಾಧ್ಯವಾದಷ್ಟೂ ಮನೆಯವರೇ ನಡೆಸುವ ಕೊಠಡಿಗಳಲ್ಲಿ ಉಳಿಯಿರಿ. 2022ರಲ್ಲಿ ಆ ದೇಶ ವಿದೇಶಿ ಸಾಲ ತೀರಿಸಲಾಗದೆ ಕೈಚೆಲ್ಲಿದಾಗ ಪೆಟ್ರೋಲಿಗೆ, ಅಡುಗೆ ಅನಿಲಕ್ಕೆ ದಿನಗಟ್ಟಲೆ ಸಾಲು ನಿಂತ ಜನ ಅವರು. ಬಳಿಕ ಚಂಡಮಾರುತವನ್ನೂ ಕಂಡರು. ನಿಮ್ಮ ಮೂರು ರಾತ್ರಿಗಳ ಬಾಡಿಗೆ ನೇರವಾಗಿ ಅವರ ಅಡುಗೆಮನೆಗೆ ಹೋಗುತ್ತದೆ.

ಈಗ ಆ ಹಾಳೆಯನ್ನು ಮತ್ತೆ ತೆಗೆಯಿರಿ. ಕೆಂಪು ಮಸಿಯ ಲೇಖನಿ ಹಿಡಿದು ಆರು ಊರುಗಳನ್ನು ಹೊಡೆದುಹಾಕಿ, ಉಳಿದ ಮೂರರ ಬಗ್ಗೆ ಹೊರಡುವ ಮೊದಲು ಏನಾದರೂ ಓದಿಕೊಳ್ಳಿ. ಆಮೇಲೆ ಬೇಕಾದರೆ ನನಗೆ ತೋರಿಸಿ. ಸಂತೋಷದಿಂದ ಸಹಿ ಹಾಕುತ್ತೇನೆ.